ಕಡಲಕರೆಯ ಮನೆಗೆ ಎಂತಹ ಸಂಪರ್ಕ?

ಮಲ್ಪೆಯ ಕಡೆಯಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ಈಚೆಗೆ ಪಾಠ ಮುಗಿದ ಮೇಲೆ ನನ್ನ ಬಳಿಗೆ ಬಂದು, "ಸರ್, ಮನೆಗೆ ಇಂಟರ್‌ನೆಟ್ ಹಾಕಿಸಬೇಕೆಂದಿದ್ದೇವೆ. ಟಿವಿಯೂ ಅದರಲ್ಲೇ ಬರುತ್ತದಂತೆ. ಯಾವ ಕಂಪನಿಯದು ಒಳ್ಳೆಯದು?" ಎಂದು ಕೇಳಿದನು. ಅವನ ತಂದೆ ನಾಡದೋಣಿಯಲ್ಲಿ ಮೀನು ಹಿಡಿಯುವವರು. ಮಗನಿಗೆ ಬೇಕಾದುದು ಪಾಠ ಮತ್ತು ಪರೀಕ್ಷೆಯ ಅರ್ಜಿ. ತಾಯಿಗೆ ಬೇಕಾದುದು ಕಡಲಿನ ಹವೆಯ ವರ್ತಮಾನ. ಕಂಪನಿಯ ಹೆಸರನ್ನು ನಾನು ಹೇಳಲಾರೆ. ಆದರೆ ಭೌತಶಾಸ್ತ್ರವು ಹೇಳಬಲ್ಲ ಮಾತೊಂದುಂಟು: ಹೆಸರನ್ನು ಕೇಳುವ ಮೊದಲು ಹಾದಿಯನ್ನು ಕೇಳಬೇಕು. ಸಂಕೇತವು ಯಾವ ಹಾದಿಯಿಂದ ಮನೆಗೆ ಬರುತ್ತದೆ? ನಮ್ಮ ಕರಾವಳಿಯ ಮಳೆ, ಉಪ್ಪುಗಾಳಿ, ಸಿಡಿಲುಗಳು ಆ ಹಾದಿಯನ್ನು ಹೇಗೆ ಕೆಡಿಸುತ್ತವೆ?

ಮೊದಲು ಆಕಾಶದ ಹಾದಿಯನ್ನು ನೋಡೋಣ. ಮಾಡಿನ ಮೇಲಿನ ಪುಟ್ಟ ಡಿಶ್, ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುವ ಉಪಗ್ರಹದಿಂದ ಅಲೆಗಳನ್ನು ಪಡೆಯುತ್ತದೆ. ಇವುಗಳ ಆವೃತ್ತಿ 12 ಗಿಗಾಹರ್ಟ್ಸಿನ ಆಸುಪಾಸು. ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ಅಲೆಯುದ್ದವು ಎರಡೂವರೆ ಸೆಂಟಿಮೀಟರೆಂದು ತಿಳಿಯುವುದು. ದಪ್ಪ ಮಳೆಹನಿಯ ವ್ಯಾಸವೋ ನಾಲ್ಕೈದು ಮಿಲಿಮೀಟರು. ಅಲೆಯುದ್ದವು ಇಷ್ಟು ಕಿರಿದಾದಾಗ ಹನಿಗಳು ಅಲೆಯ ಶಕ್ತಿಯನ್ನು ಹೀರುತ್ತವೆ, ದಿಕ್ಕುದಿಕ್ಕಿಗೆ ಚದರಿಸುತ್ತವೆ. ಸಾವಿರಾರು ಕಿಲೋಮೀಟರುಗಳನ್ನು ನಿರಾತಂಕವಾಗಿ ದಾಟಿ ಬಂದ ಅಲೆಯು ಮಳೆ ಸುರಿಯುವ ಕೊನೆಯ ಕೆಲವೇ ಕಿಲೋಮೀಟರುಗಳಲ್ಲಿ ಸೊರಗುವುದು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಜಿಲ್ಲೆಗಳಲ್ಲಿ ಇದು ಅಲ್ಪ ಸಂಗತಿಯಲ್ಲ.

ಹಿಂದಿನ ಟಿವಿಯಲ್ಲಿ ಸಂಕೇತ ಕ್ಷೀಣಿಸಿದಂತೆ ಚಿತ್ರವೂ ಮೆಲ್ಲನೆ ಮಾಸುತ್ತಿತ್ತು. ಇಂದಿನ ಡಿಜಿಟಲ್ ಚಿತ್ರವು ಒಂದು ಮಿತಿಯವರೆಗೆ ನಿರ್ಮಲವಾಗಿದ್ದು, ಮಿತಿ ದಾಟಿದೊಡನೆ ಚೂರುಚೂರಾಗಿ ಮಾಯವಾಗುವುದು. ಇದಕ್ಕೆ ಪರಿಹಾರವೂ ಉಂಟು. ಡಿಶ್ಶು ಹಿಡಿಯುವ ಶಕ್ತಿಯು ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, 60 ಸೆಂಟಿಮೀಟರಿನದರ ಬದಲು 90 ಸೆಂಟಿಮೀಟರಿನದನ್ನಿಟ್ಟರೆ ಎರಡೂಕಾಲು ಪಾಲು ಶಕ್ತಿ ದೊರೆಯುವುದು. ಆಗ ಸಾಧಾರಣ ಮಳೆಯನ್ನು ಅದು ತಾಳಿಕೊಳ್ಳುವುದು. ಹುಚ್ಚುಮಳೆಯಲ್ಲಿ ಸೋತರೂ, ಮಳೆ ಕಡಮೆಯಾದೊಡನೆ ಚಿತ್ರವು ತಾನಾಗಿಯೇ ಮರಳುವುದು.

ಇನ್ನು ನೆಲದ ಹಾದಿ. ಹಳೆಯ ತಾಮ್ರದ ತಂತಿಯ ಬೆಸುಗೆಗಳನ್ನು ಉಪ್ಪುಗಾಳಿಯು ಕಿಲುಬು ಹಿಡಿಸುತ್ತದೆ. ದೂರದಲ್ಲಿ ಬಡಿದ ಸಿಡಿಲು ಕೂಡ ತಂತಿಯಲ್ಲಿ ವಿದ್ಯುತ್ತನ್ನು ಪ್ರೇರಿಸಿ ಉಪಕರಣವನ್ನು ಸುಡಬಲ್ಲುದು. ಗಾಜಿನ ಎಳೆಗೆ ಈ ಎರಡು ಭಯಗಳೂ ಇಲ್ಲ. ಅದರ ತಿರುಳಿನ ವ್ಯಾಸ ಒಂದು ಮಿಲಿಮೀಟರಿನ ಸಾವಿರದ ಒಂಬತ್ತು ಪಾಲು ಮಾತ್ರ; ಅದರೊಳಗೆ ಬೆಳಕು ಪೂರ್ಣ ಆಂತರಿಕ ಪ್ರತಿಫಲನದಿಂದ ಸಾಗುತ್ತದೆ. ಗಾಜನ್ನು ಸಾಕಷ್ಟು ಶುದ್ಧಗೊಳಿಸಿದರೆ ಇದು ದೂರಸಂಪರ್ಕಕ್ಕೆ ಒದಗುವುದೆಂದು 1966ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಕಾವೊ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಇಂದಿನ ಉತ್ತಮ ಎಳೆಯಲ್ಲಿ 15 ಕಿಲೋಮೀಟರು ಸಾಗಿದ ಮೇಲೂ ಅರ್ಧದಷ್ಟು ಬೆಳಕು ಉಳಿದಿರುತ್ತದೆ. ಆದರೆ ಈ ಎಳೆ ತೆಂಗಿನ ತೋಟಗಳ ನಡುವೆ ಕಂಬದಿಂದ ಕಂಬಕ್ಕೆ ತೂಗುತ್ತಿರುವುದಷ್ಟೆ! ಒಂದು ಕೊಂಬೆ ಮುರಿದು ಬಿದ್ದರೆ ಸಾಕು. ಅದನ್ನು ಯಾರಾದರೂ ಬಂದು ಜೋಡಿಸುವವರೆಗೆ ಕಾಯಬೇಕು.

ಹೀಗೆ ಒಂದು ಹಾದಿ ಕೆಲವು ನಿಮಿಷ ಸೋಲುತ್ತದೆ. ಇನ್ನೊಂದು ಅಪರೂಪಕ್ಕೆ ಸೋತರೂ ಕೆಲವು ದಿನ ಏಳದು. ಈಗ ಸ್ವಲ್ಪ ಲೆಕ್ಕ ಮಾಡೋಣ. ಒಂದು ಸೇವೆಯು ನೂರಕ್ಕೆ 99 ಪಾಲು ಕಾಲ ಸರಿಯಾಗಿರುತ್ತದೆ ಎಂದುಕೊಳ್ಳಿ. ಉಳಿದ ಒಂದು ಪಾಲು ವರ್ಷಕ್ಕೆ ಸುಮಾರು 88 ಗಂಟೆಗಳು. ಅಂತಹ ಎರಡು ಹಾದಿಗಳಿದ್ದು, ಒಂದರ ಕೇಡಿಗೂ ಇನ್ನೊಂದರ ಕೇಡಿಗೂ ಸಂಬಂಧವಿಲ್ಲದಿದ್ದರೆ, ಎರಡೂ ಒಟ್ಟಿಗೆ ಕೆಟ್ಟಿರುವ ಸಂಭವವು ಹತ್ತು ಸಾವಿರದಲ್ಲಿ ಒಂದು. ವರ್ಷಕ್ಕೆ ಒಂದು ಗಂಟೆಯೂ ಆಗದು. ಆದರೆ 'ಸಂಬಂಧವಿಲ್ಲದಿದ್ದರೆ' ಎಂಬ ಮಾತನ್ನು ಮರೆಯಬಾರದು. 2021ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತವು ನಮ್ಮ ಕರೆಯನ್ನು ಸವರಿಕೊಂಡು ಹೋದಾಗ ಮರಗಳೂ ವಿದ್ಯುತ್ ಕಂಬಗಳೂ ಒಟ್ಟಿಗೇ ಉರುಳಿದುವು.

ಈ ಪಾಠವನ್ನು ತರಗತಿಯಲ್ಲಿ ಹೇಳುವ ನಾನೇ ಮನೆಯಲ್ಲಿ ಅದನ್ನು ಮರೆತಿದ್ದೆ. ಖರ್ಚು ಕಡಮೆಯೆಂದು ಇಂಟರ್‌ನೆಟ್ಟು, ಟಿವಿ ಎರಡನ್ನೂ ಒಂದೇ ಎಳೆಗೆ ವಹಿಸಿ ಡಿಶ್ಶನ್ನು ಕಳಚಿಹಾಕಿದೆ. ಮುಂದಿನ ಜೂನಿನಲ್ಲಿ ಹಲಸಿನ ಕೊಂಬೆಯೊಂದು ಬಿದ್ದು ಮೂರು ದಿನ ಎರಡೂ ಇಲ್ಲವಾದುವು. ನನಗೆ ಅದರಿಂದ ಬೇಸರವಾಯಿತು, ಅಷ್ಟೆ. ದೋಣಿ ಕಡಲಿನಲ್ಲಿರುವ ಮನೆಯವರಿಗೆ ಅದು ಬರಿಯ ಬೇಸರವಾಗಿರಲಾರದು.

ಆದುದರಿಂದ ಆ ಹುಡುಗನಿಗೆ ಹೀಗೆಂದೆ: "ನೆರೆಮನೆಯವರನ್ನು ಕೇಳು, ಜನವರಿಯಲ್ಲಿ ಎಷ್ಟು ವೇಗವೆಂದಲ್ಲ, ಜುಲೈಯಲ್ಲಿ ಎಷ್ಟು ದಿನ ನಿಂತಿತ್ತು, ದೂರು ಕೊಟ್ಟ ಮೇಲೆ ಯಾವಾಗ ಬಂದರು ಎಂದು ಕೇಳು. ಗಾಜಿನ ಎಳೆ ಮನೆಯೊಳಗೇ ಬರುತ್ತದೆಯೋ, ಕೊನೆಯ ತುಂಡು ತಾಮ್ರದ್ದೋ ವಿಚಾರಿಸು. ಮೋಡೆಮಿಗೆ ಸುಮಾರು 10 ವ್ಯಾಟ್ ಸಾಕು. 12 ವೋಲ್ಟಿನ, 7 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿ ಕರೆಂಟು ಹೋದಾಗ ಅದನ್ನು ಐದಾರು ಗಂಟೆ ನಡೆಸಬಲ್ಲುದು. ಹಳೆಯ ಡಿಶ್ಶನ್ನು ಮಾತ್ರ ಕಳಚಬೇಡ."

ತಿಂಗಳ ಶುಲ್ಕವಿಲ್ಲದ ದೂರದರ್ಶನದ ಡಿಡಿ ಫ್ರೀ ಡಿಶ್ ಸೇವೆಗೆ ಅದನ್ನು ತಿರುಗಿಸಿಕೊಳ್ಳಬಹುದು. ಆ ಉಪಗ್ರಹವು ನಮ್ಮ ಕರಾವಳಿಗೆ ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 60 ಡಿಗ್ರಿ ಎತ್ತರದಲ್ಲಿದೆ; ಆ ಕಡೆ ತೆಂಗಿನ ಮಡಲುಗಳು ಅಡ್ಡವಿರಬಾರದು. ಬೋಲ್ಟುಗಳಿಗೆ ಸತುವಿನ ಲೇಪವಿರಬೇಕು, ಕೇಬಲ್ಲಿನ ಜೋಡಣೆಗೆ ನೀರಿಳಿಯದಂತೆ ಟೇಪು ಸುತ್ತಬೇಕು. ಗುಡುಗು ಆರಂಭವಾಗುವ ಮೊದಲೇ ಪ್ಲಗ್ಗನ್ನೂ ಡಿಶ್ಶಿನ ಕೇಬಲ್ಲನ್ನೂ ಕಳಚಿಡುವುದು ಲೇಸು; ಗುಡುಗು ಕೇಳಿದ ಮೇಲೆ ಅವನ್ನು ಮುಟ್ಟಬಾರದು.

ಹುಡುಗನು ಗಾಜಿನ ಎಳೆಯನ್ನು ಹಾಕಿಸಿಕೊಂಡನು, ಡಿಶ್ಶನ್ನೂ ಉಳಿಸಿಕೊಂಡನು. ಅಟ್ಟದ ಮೇಲಿದ್ದ ಬ್ಯಾಟರಿ ರೇಡಿಯೊವನ್ನು ಕೂಡ ಒರೆಸಿ ಇಳಿಸಿದ್ದಾನಂತೆ. ಎಫ್.ಎಂ. ಅಲೆಯ ಉದ್ದ ಸುಮಾರು ಮೂರು ಮೀಟರು. ನಾಲ್ಕೈದು ಮಿಲಿಮೀಟರಿನ ಹನಿ ಅದನ್ನು ತಡೆಯಲಾರದಷ್ಟೆ. ಏಕೆಂಬುದನ್ನು ತಾಯಿಗೆ ತಾನೇ ವಿವರಿಸಿದೆನೆಂದು ಅವನು ಹೇಳಿದಾಗ ನನಗೆ ಸಂತೋಷವಾಯಿತು.