ಕಾರಿನ ಸಾಲ ವರ್ಗಾವಣೆ: ಕಂತಿಗಿಂತ ಅವಧಿ ಮುಖ್ಯ

ಮುಂಬಯಿ: ಬಡ್ಡಿ ಕಡಿಮೆಯೆಂದು ಕಾರಿನ ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಲು ಹೊರಟಿರುವ ಕನ್ನಡಿಗ ಬಂಧುಗಳು ಮೊದಲು ಅವಧಿಯನ್ನು ಗಮನಿಸಬೇಕು. 3 ವರ್ಷದ ಕಂತು ಬಾಕಿಯಿರುವ 5 ಲಕ್ಷ ರೂ. ಸಾಲದ ಬಡ್ಡಿ ಶೇ. 12ರಿಂದ 9ಕ್ಕೆ ಇಳಿದರೆ, ಮಾಸಿಕ ಕಂತು 16,607 ರೂ.ನಿಂದ 15,900 ರೂ.ಗೆ ಇಳಿದು, ಒಟ್ಟು ಸುಮಾರು 25 ಸಾವಿರ ರೂ. ಉಳಿಯುತ್ತದೆ. ಅದನ್ನೇ 5 ವರ್ಷಕ್ಕೆ ಎಳೆದರೆ ಕಂತು 10,379 ರೂ. ಆಗಿ ಹಗುರವೆನಿಸಿದರೂ, ಕೊನೆಗೆ ಸುಮಾರು 25 ಸಾವಿರ ರೂ. ಹೆಚ್ಚೇ ಕಟ್ಟಿದಂತಾಗುತ್ತದೆ.

ನಿಶ್ಚಿತ ಬಡ್ಡಿಯ ಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ಹಳೆಯ ಬ್ಯಾಂಕ್ ಶುಲ್ಕ ವಿಧಿಸಬಹುದು. ಅದು ಶೇ. 3 ಎಂದರೂ 15 ಸಾವಿರ ರೂ., ಮೇಲೆ ಜಿಎಸ್‌ಟಿ. ಸ್ವಂತ ಬಳಕೆಗೆ ಪಡೆದ, ಬದಲಾಗುವ ಬಡ್ಡಿಯ ಸಾಲಕ್ಕೆ ಈ ಶುಲ್ಕ ವಿಧಿಸದಂತೆ ರಿಸರ್ವ್ ಬ್ಯಾಂಕ್ 2014ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಸಾಲ ತೀರಿದ ಬಳಿಕ ನಿರಾಕ್ಷೇಪಣಾ ಪತ್ರ ಪಡೆದು, ಆರ್‌ಟಿಒದಲ್ಲಿ ಆರ್‌ಸಿಯಲ್ಲಿರುವ ಬ್ಯಾಂಕಿನ ಹೆಸರು ಬದಲಿಸಲು ಮರೆಯದಿರಿ.