ಯುದ್ಧ ವಸ್ತುಸಂಗ್ರಹಾಲಯ: ಕಥನವಾಗಿ ಒಂದು ಓದು

ಆಧುನಿಕ ಯುದ್ಧಗಳ ವಸ್ತುಸಂಗ್ರಹಾಲಯಗಳನ್ನು ಸಾಮಾನ್ಯವಾಗಿ ಚರಿತ್ರೆಯ ಉಗ್ರಾಣಗಳೆಂದು ಭಾವಿಸಲಾಗುತ್ತದೆ. ಅಲ್ಲಿನ ಬಂದೂಕು, ಸಮವಸ್ತ್ರ, ಪತ್ರ, ಛಾಯಾಚಿತ್ರಗಳು ನಡೆದುದನ್ನು ನಡೆದಂತೆಯೇ ಹೇಳುತ್ತವೆ ಎಂಬುದು ನೋಡುಗರ ನಂಬಿಕೆ. ಆದರೆ ಈ ವಸ್ತುಗಳನ್ನು ಯಾರೋ ಆಯ್ದಿರುತ್ತಾರೆ, ಒಂದು ಕ್ರಮದಲ್ಲಿ ಜೋಡಿಸಿರುತ್ತಾರೆ, ಪಕ್ಕದಲ್ಲಿ ವಿವರಣೆಯ ಫಲಕ ಬರೆದಿರುತ್ತಾರೆ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸ್ಥಾಪನೆಯಾದದ್ದು 1917ರಲ್ಲಿ. ಆಗ ಮೊದಲನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಯುದ್ಧದ ಫಲಿತಾಂಶ ತಿಳಿಯುವ ಮುನ್ನವೇ ಅದರ ನೆನಪನ್ನು ಸಂಪಾದಿಸುವ ಕೆಲಸ ಆರಂಭವಾಗಿತ್ತೆಂಬುದು ಗಮನಾರ್ಹ. ಹೀಗೆ ಸಂಪಾದಿತವಾದದ್ದನ್ನು ಪಠ್ಯವೆಂದು ಓದಲು ಸಾಧ್ಯವಿದೆ. ಶೀರ್ಷಿಕೆ, ಆರಂಭ, ನಿರೂಪಣೆ, ಮುಕ್ತಾಯ ಎಂಬ ನಾಲ್ಕು ನೆಲೆಗಳಲ್ಲಿ ಈ ಸಾಧ್ಯತೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಶೀರ್ಷಿಕೆ. ವಿಯೆಟ್ನಾಮಿನ ಹೋ ಚಿ ಮಿನ್ ನಗರದಲ್ಲಿ, ಯುದ್ಧ ಕೊನೆಗೊಂಡ 1975ರಲ್ಲಿಯೇ, ಒಂದು ಪ್ರದರ್ಶನಾಲಯ ತೆರೆಯಿತು. 'ಅಮೆರಿಕ ಹಾಗೂ ಅದರ ಕೈಗೊಂಬೆಗಳ ಅಪರಾಧಗಳ ಪ್ರದರ್ಶನಾಲಯ' ಎಂಬುದು ಅದರ ಹೆಸರಿನ ತಾತ್ಪರ್ಯ. 1990ರಲ್ಲಿ ಅದು 'ಯುದ್ಧ ಮತ್ತು ಆಕ್ರಮಣದ ಅಪರಾಧಗಳ ಪ್ರದರ್ಶನಾಲಯ'ವಾಯಿತು. ಅಮೆರಿಕದೊಡನೆ ರಾಜತಾಂತ್ರಿಕ ಸಂಬಂಧ ಏರ್ಪಟ್ಟ 1995ರಲ್ಲಿ 'ಯುದ್ಧ ಅವಶೇಷಗಳ ವಸ್ತುಸಂಗ್ರಹಾಲಯ'ವೆಂದು ಮತ್ತೆ ಬದಲಾಯಿತು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಮೊದಲು ಕರ್ತೃ ಲೋಪವಾಯಿತು, ಬಳಿಕ ಅಪರಾಧವೆಂಬ ಕ್ರಿಯೆಯೂ ಲೋಪವಾಗಿ ಅವಶೇಷ ಮಾತ್ರ ಉಳಿಯಿತು. ಮೈ ಲಾಯ್ ಹತ್ಯಾಕಾಂಡದ ಛಾಯಾಚಿತ್ರಗಳು ಮಾತ್ರ ಒಳಗೆ ಹಾಗೆಯೇ ಉಳಿದಿವೆ. ಶೀರ್ಷಿಕೆಗೂ ಪಠ್ಯಕ್ಕೂ ನಡುವೆ ಉಂಟಾದ ಈ ಅಂತರವೇ ಆ ದೇಶದ ರಾಜಕೀಯ ಚರಿತ್ರೆಯನ್ನು ಸೂಚಿಸುತ್ತದೆ.

ಎರಡನೆಯದು ಆರಂಭ. 1955ರಲ್ಲಿ ತೆರೆದ ಹಿರೋಷಿಮಾ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದ ಕಥನಕ್ಕೆ ಬಹುಕಾಲ 1945ರ ಆಗಸ್ಟ್ 6 ಕೇಂದ್ರವಾಗಿತ್ತು. 1994ರಲ್ಲಿ ತೆರೆದ ಪೂರ್ವ ಕಟ್ಟಡದಲ್ಲಿ ಹಿರೋಷಿಮಾ ಸೇನಾನಗರವಾಗಿ ಬೆಳೆದ ಚರಿತ್ರೆಯೂ ಸೇರಿತು. ಇದರಿಂದ ಸತ್ತವರ ನೋವು ಕಿರಿದಾಗಲಿಲ್ಲ; ಆ ನೋವಿಗೆ ಒಂದು ಪೂರ್ವಕಥೆ ಇದೆಯೆಂಬ ಅರಿವು ಕೂಡಿತು. ಬಾಂಬಿಗೆ ಬಲಿಯಾದ ಕೊರಿಯನ್ನರ ಸ್ಮಾರಕದ ಸಂಗತಿಯೂ ಇಲ್ಲಿ ಪ್ರಸ್ತುತ. 1970ರಲ್ಲಿ ಅದನ್ನು ನಿಲ್ಲಿಸಿದ್ದು ಶಾಂತಿ ಉದ್ಯಾನದ ಹೊರಗೆ. ಅದು ಒಳಗೆ ಬಂದದ್ದು 1999ರಲ್ಲಿ. ಒಂದೇ ಬಾಂಬಿಗೆ ಸತ್ತವರನ್ನೂ ಶೋಕದ ಗಡಿ ಹೀಗೆ ಬೇರ್ಪಡಿಸಬಲ್ಲದು.

ಮೂರನೆಯದು ನಿರೂಪಣೆ. ಸುಟ್ಟ ಚರ್ಮ ಜೋತುಬಿದ್ದ ಸಂತ್ರಸ್ತರ ಆಳೆತ್ತರದ ಬೊಂಬೆಗಳು ಇದೇ ಸಂಗ್ರಹಾಲಯದಲ್ಲಿದ್ದವು. 2017ರಲ್ಲಿ ಅವುಗಳನ್ನು ತೆಗೆಯಲಾಯಿತು. ಭೀಕರತೆ ಮುಂದಿನ ಪೀಳಿಗೆಗೆ ಮುಟ್ಟಲಾರದೆಂದು ಆಕ್ಷೇಪಿಸಿದವರೂ ಇದ್ದರು. 2019ರಲ್ಲಿ ಮತ್ತೆ ತೆರೆದ ಮುಖ್ಯ ಕಟ್ಟಡದಲ್ಲಿ ಮೃತರು ಬಿಟ್ಟುಹೋದ ನಿಜವಸ್ತುಗಳಿಗೆ ಪ್ರಾಧಾನ್ಯ ದೊರೆಯಿತು. ಶಾಲಾ ಬಾಲಕನೊಬ್ಬನ ಊಟದ ಡಬ್ಬಿ ಈ ಸಂಗ್ರಹದಲ್ಲಿದೆ. ಅವನು ಉಣ್ಣದೆ ಉಳಿದ ಅನ್ನ ಅದರಲ್ಲಿ ಕರಕಲಾಗಿದೆ. ಬೊಂಬೆ ವಾಚ್ಯವಾದರೆ ಡಬ್ಬಿ ಧ್ವನಿ. ನಮ್ಮ ಕಾವ್ಯಮೀಮಾಂಸೆಯ ಪರಿಕಲ್ಪನೆಗಳು ಕಾವ್ಯದಾಚೆಗೂ ಉಪಯುಕ್ತವೆಂಬುದಕ್ಕೆ ಇದು ನಿದರ್ಶನ.

ಕೊನೆಯದು ಮುಕ್ತಾಯ. ಜನರಲ್ ಕೆ.ಎಸ್. ತಿಮ್ಮಯ್ಯನವರ ಮಡಿಕೇರಿಯ ಮನೆ 'ಸನ್ನಿ ಸೈಡ್' 2021ರಲ್ಲಿ ವಸ್ತುಸಂಗ್ರಹಾಲಯವಾಗಿ ಉದ್ಘಾಟನೆಗೊಂಡಿತು. 1948ರ ಜೋಜಿಲಾ ಕಾರ್ಯಾಚರಣೆಯನ್ನು ಮುನ್ನಡೆಸಿದ ಈ ಸೇನಾನಿ, 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ಮರಳಿಕೆಗಾಗಿ ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದರು. 1965ರಲ್ಲಿ ಅವರು ನಿಧನರಾದದ್ದು ಸೈಪ್ರಸ್ಸಿನಲ್ಲಿ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ. ಇಂಥ ಬದುಕಿನ ಶಿಖರವನ್ನು ಜೋಜಿಲಾದಲ್ಲಿ ಕಾಣಬಹುದು, ಸೈಪ್ರಸ್ಸಿನಲ್ಲಿಯೂ ಕಾಣಬಹುದು. ಎರಡೂ ಸತ್ಯವೇ. ಆದರೆ ಗೆಲುವಿನಲ್ಲಿ ಮುಗಿಯುವ ಕಥನದ ಅರ್ಥ ಒಂದು, ಕದನವನ್ನು ತಡೆಯುವ ಹೊಣೆಯಲ್ಲಿ ಮುಗಿಯುವ ಕಥನದ ಅರ್ಥ ಮತ್ತೊಂದು.

ವಿದ್ಯಾರ್ಥಿಗಳನ್ನು ಇಂಥ ಸ್ಥಳಗಳಿಗೆ ಕರೆದೊಯ್ಯುವ ಅಧ್ಯಾಪಕರು ಈ ನಾಲ್ಕು ಪ್ರಶ್ನೆಗಳನ್ನು ಮೊದಲೇ ಅವರ ಮುಂದಿಡುವುದು ಒಳಿತು. ಯುದ್ಧದಲ್ಲಿ ಸತ್ತವರಲ್ಲಿ ಬಹುಪಾಲು ಜನ ಗಾಜಿನ ಪೆಟ್ಟಿಗೆಯಲ್ಲಿಡಬಹುದಾದ ಯಾವ ವಸ್ತುವನ್ನೂ ಬಿಟ್ಟುಹೋಗಿಲ್ಲ. ಪ್ರದರ್ಶನದಲ್ಲಿ ಯಾರಿದ್ದಾರೆಂದು ನೋಡುವುದರ ಜೊತೆಗೆ ಯಾರಿಲ್ಲವೆಂದು ಕೇಳಿದಾಗ ಮಾತ್ರ ಅವರು ನಮ್ಮ ಓದಿನೊಳಗೆ ಬರುತ್ತಾರೆ.