ಹಳೆಯ ಮನೆಗೆ ಹೊಸ ಡಿಶ್‌ವಾಷರ್: ಕೊಳೆನೀರಿನ ದಾರಿ ಸರಿಯಿದೆಯೇ?

ಕಾಸರಗೋಡಿನ ಹಳ್ಳಿಗಳ ಹಳೆಯ ಹೆಂಚಿನ ಮನೆಗಳಲ್ಲಿ ಪಾತ್ರೆ ತೊಳೆದ ನೀರು ನೇರವಾಗಿ ಹಿತ್ತಿಲಿನ ಬಾಳೆಯ ಬುಡವನ್ನೋ ಕೆಸುವಿನ ಬುಡವನ್ನೋ ಸೇರುತ್ತಿತ್ತು. ಮುಂದೆ ಸಿಂಕ್ ಬಂತು, ಅದಕ್ಕೊಂದು ಪೈಪು ಬಂತು. ಈಗ ಅದೇ ಪೈಪಿಗೆ ಡಿಶ್‌ವಾಷರನ್ನೂ ಜೋಡಿಸಲಾಗುತ್ತಿದೆ. ಸಿಂಕಿನ ನೀರು ತಾನಾಗಿ ಇಳಿದು ಹೋಗುತ್ತದೆ. ಯಂತ್ರವಾದರೋ ಪಂಪಿನ ಬಲದಿಂದ ನೀರನ್ನು ಒಮ್ಮೆಲೇ ಹೊರದೂಡುತ್ತದೆ. ಜಿಡ್ಡುಗಟ್ಟಿ ಕಿರಿದಾದ ಹಳೆಯ ಪೈಪು ಅದನ್ನು ತಾಳಲಾರದು.

ಯಂತ್ರದ ತಳದಲ್ಲಿ ನೀರು ನಿಂತರೆ ಮೊದಲು ಅದರೊಳಗಿನ ಜಾಲರಿಯನ್ನು ತೆಗೆದು ತೊಳೆಯಬೇಕು. ಬಳಿಕ ನೀರು ಹೊರಹೋಗುವ ಕೊಳವೆಯ ತುದಿಯನ್ನು ಪೈಪಿನಿಂದ ಬಿಡಿಸಿ, ಸಿಂಕಿನ ಎತ್ತರದಲ್ಲಿ ಬಕೆಟ್ಟಿಗೆ ಹಿಡಿದು ಯಂತ್ರವನ್ನು ಚಾಲೂ ಮಾಡಬೇಕು. ನೀರು ರಭಸದಿಂದ ಬಿದ್ದರೆ ಯಂತ್ರ ಸರಿಯಿದೆ, ದೋಷ ಮನೆಯ ಪೈಪಿನಲ್ಲಿದೆ. ಬೀಳದಿದ್ದರೆ ಕೊಳವೆ ಮಡಚಿದೆಯೇ ಎಂದು ನೋಡಿ, ಆಮೇಲೆ ಪಂಪಿನ ರಿಪೇರಿಗೆ ಜನರನ್ನು ಕರೆಯಬಹುದು. ಹೊಸ ಸಿಂಕಾದರೆ ಇನ್ನೊಂದು ಸಂಗತಿಯಿದೆ: ಯಂತ್ರದ ಕೊಳವೆಗೆಂದು ಕೊಟ್ಟ ಮೂತಿ ಕೆಲವೊಮ್ಮೆ ಮುಚ್ಚಿದ ಸ್ಥಿತಿಯಲ್ಲೇ ಬರುತ್ತದೆ, ಅದನ್ನು ಕತ್ತರಿಸಿ ತೆರೆಯದೆ ಜೋಡಿಸಿದರೆ ನೀರಿಗೆ ದಾರಿಯೇ ಇರದು.

ಸಿಂಕಿನ ಕೊಳೆನೀರು ಯಂತ್ರಕ್ಕೆ ಹಿಮ್ಮರಳುತ್ತಿದ್ದರೆ ಕೊಳವೆ ನೆಲದ ಮೇಲೆಯೇ ಹರಿದಿದೆ ಎಂದು ತಿಳಿಯಬೇಕು. ಅದನ್ನು ಸಿಂಕಿನ ಕೆಳಭಾಗಕ್ಕೆ ತಾಗುವಷ್ಟು ಎತ್ತರಕ್ಕೆ ಕಮಾನಿನಂತೆ ಏರಿಸಿ, ಗೋಡೆಗೆ ಕ್ಲಾಂಪ್ ಹಾಕಿ, ಬಳಿಕ ಪೈಪಿಗೆ ಇಳಿಸಬೇಕು. ಕೊಳವೆಯ ತುದಿ ತೀರ ಕೆಳಗಿದ್ದರೆ ಯಂತ್ರ ತುಂಬಿಕೊಳ್ಳುವ ನೀರು ತಾನಾಗಿಯೇ ಸೋರಿಹೋಗುವುದೂ ಉಂಟು. ಎಷ್ಟು ಎತ್ತರ ಬೇಕೆಂಬುದನ್ನು ಯಂತ್ರದ ಕೈಪಿಡಿ ಹೇಳುತ್ತದೆ.

ಗುಳುಗುಳು ಸದ್ದು ಮತ್ತು ದುರ್ವಾಸನೆ ಗಾಳಿಯ ಕೊರತೆಯ ಲಕ್ಷಣಗಳು. ಸಿಂಕಿನ ಅಡಿಯ ಬಾಗಿದ ಪೈಪಿನಲ್ಲಿ ನಿಂತ ನೀರೇ ವಾಸನೆಯನ್ನು ತಡೆಯುವುದು. ಗಾಳಿಯಾಡದ ಉದ್ದನೆಯ ಪೈಪಿನಲ್ಲಿ ನೀರು ರಭಸದಿಂದ ಸಾಗಿದಾಗ ಆ ನೀರನ್ನೂ ಸೆಳೆದೊಯ್ಯುತ್ತದೆ. ಹೊರಗೋಡೆಗೆ ತಾಗಿಸಿ ಮಾಡಿನ ಮೇಲಕ್ಕೆ ಗಾಳಿಕೊಳವೆಯೊಂದನ್ನು ಏರಿಸಿದರೆ ಇದು ನಿಲ್ಲುತ್ತದೆ. ಪೈಪಿಗೆ ಮೀಟರಿಗೆ ಸುಮಾರು 2 ಸೆಂ.ಮೀ. ಇಳಿಜಾರು ಇರಲಿ. ತುಕ್ಕು ಹಿಡಿದ ಕಬ್ಬಿಣದ ಪೈಪನ್ನು ಮತ್ತೆ ಮತ್ತೆ ಕೆದಕುವುದಕ್ಕಿಂತ ಬದಲಿಸುವುದೇ ಲೇಸು. ಬಿಸಿನೀರಿನಲ್ಲಿ ಕರಗಿದ ಜಿಡ್ಡು ತಣ್ಣಗಿನ ಪೈಪಿನಲ್ಲಿ ಮತ್ತೆ ಹೆಪ್ಪುಗಟ್ಟುವುದರಿಂದ, ಪಾತ್ರೆಯ ಎಣ್ಣೆ, ತೆಂಗಿನಕಾಯಿಯ ಚರಟವನ್ನು ಮೊದಲೇ ಒರೆಸಿ ತೆಗೆಯಬೇಕು.

ಕೊನೆಯ ಪ್ರಶ್ನೆ: ನೀರು ಸೇರುವುದೆಲ್ಲಿಗೆ? ಯಂತ್ರದ ಪುಡಿ ಕ್ಷಾರಗುಣದ್ದು. ಹಿಂದಿನಂತೆ ಅದನ್ನು ಬಾಳೆಯ ಬುಡಕ್ಕೆ ಹರಿಯಬಿಡುವುದು ಯುಕ್ತವಲ್ಲ. ಮುರಕಲ್ಲಿನ ನೆಲದಲ್ಲಿ ನೀರು ಬೇಗ ಇಂಗುತ್ತದೆ, ಕುಡಿಯುವ ಬಾವಿಯೋ ಅದೇ ಹಿತ್ತಿಲಲ್ಲಿದೆ. ಬಾವಿಗೂ ಇಂಗುಗುಂಡಿಗೂ ಕನಿಷ್ಠ 7.5 ಮೀಟರ್ ಅಂತರವನ್ನು ಕೇರಳದ ಕಟ್ಟಡ ನಿಯಮಗಳು ವಿಧಿಸುತ್ತವೆ. ಹಳೆಯ ಮನೆಯಲ್ಲಿ ಆ ಅಂತರ ಇಲ್ಲದಿದ್ದರೆ ಗುಂಡಿಯನ್ನು ಬಾವಿಗಿಂತ ತಗ್ಗಿನ ಕಡೆಗೆ ಸರಿಸಿಯೇ ಯಂತ್ರವನ್ನು ಜೋಡಿಸುವುದು ವಿವೇಕ. ಕಟ್ಟಿದ ಪೈಪನ್ನು ಒಂದು ದಿನದಲ್ಲಿ ಬಿಡಿಸಬಹುದು. ಕೆಟ್ಟ ಬಾವಿಯನ್ನು ಸರಿಪಡಿಸುವುದು ಅಷ್ಟು ಸುಲಭವಲ್ಲ.